ಗಾಜಿನ ಮನೆಗೆ ಹೂಮಳೆ ಬರುವುದಿಲ್ಲ

ಲಂಡನ್ನಿಗೆ ಮಕ್ಕಳನ್ನು ನೋಡಲು ಹೋಗುವ ಕೊಡಗಿನವರಿಗೆ ನಾನು ಹೇಳುವ ಮಾತು ಒಂದೇ: ಒಂದು ದಿನ ಕ್ಯೂ ಸಸ್ಯೋದ್ಯಾನಕ್ಕೆ ಇಡಿ. ಚಳಿಗಾಲವಾದರೆ ಇನ್ನೂ ಒಳ್ಳೆಯದು. ಅಲ್ಲಿನ ಪಾಮ್ ಹೌಸ್ ಎಂಬ ದೊಡ್ಡ ಗಾಜಿನ ಮನೆಯ ಬಾಗಿಲು ದಾಟಿದ ಕೂಡಲೇ ಕನ್ನಡಕ ಮಂಜಾಗುತ್ತದೆ. ಒಳಗಿನ ಬೆಚ್ಚನೆ ಗಾಳಿಯಲ್ಲಿ ಅಷ್ಟು ನೀರಾವಿ ಇರುತ್ತದೆ. ತಣ್ಣಗಿನ ಗಾಜು ತಾಗಿದ್ದೇ ತಡ, ಹನಿಯಾಗಿ ಕೂರುತ್ತದೆ. ಒರೆಸಿಕೊಂಡು ನೋಡಿದರೆ ಎದುರಿಗೆ ತಾಳೆ, ಬಾಳೆ, ಕೋಕೋ. ಇಲ್ಲಿ ಗಿಡಗಳನ್ನು ಖಂಡವಾರು ನೆಟ್ಟಿದ್ದಾರೆ. ನಮ್ಮ ಕಾಫಿಯನ್ನು ಹುಡುಕಬೇಕಾದ್ದು ಆಫ್ರಿಕಾದ ಗಿಡಗಳ ನಡುವೆ, ಅದರ ತವರು ಅದೇ. ಅರೇಬಿಕಾ ಎಂಬ ಕಾಫಿಯ ಜಾತಿ ಹುಟ್ಟಿದ್ದು ಇಥಿಯೋಪಿಯಾದ ಬೆಟ್ಟದ ಕಾಡಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ.

ಕಾಫಿಗೂ ಗಾಜಿನ ಮನೆಗೂ ಹಳೆಯ ನಂಟು. 1690ರ ದಶಕದಲ್ಲಿ ಡಚ್ಚರು ನಮ್ಮ ಘಟ್ಟದ ಕೆಳಗಿನ ಮಲಬಾರಿನಿಂದ ಜಾವಾಕ್ಕೆ ಕಾಫಿ ಸಸಿ ಒಯ್ದರು. 1706ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನ ಸೇರಿತು. ಅದರ ಸಂತತಿಯ ಒಂದು ಗಿಡ 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಉಡುಗೊರೆಯಾಗಿ ಹೋಯಿತು. ಪ್ಯಾರಿಸ್ಸಿನಲ್ಲಿ ಅದನ್ನು ಗಾಜಿನ ಆಸರೆಯಲ್ಲಿ ಜೋಪಾನ ಮಾಡಿದರು. 1720ರ ದಶಕದಲ್ಲಿ ಅದರ ಮರಿ ಹಡಗಿನಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪ ತಲುಪಿತು. ಅಲ್ಲಿಂದ ಅಮೆರಿಕ ಖಂಡದ ಬೇರೆ ಬೇರೆ ಕಡೆಗೆ ಕಾಫಿ ಹರಡಿತು. ನಡುವೆ ಆ ಒಂದೆರಡು ಗಿಡ ಚಳಿಗೆ ಸತ್ತಿದ್ದರೆ ಲೋಕದ ಕಾಫಿಯ ಚರಿತ್ರೆಯೇ ಬೇರೆ ಆಗುತ್ತಿತ್ತು ಅಲ್ವಾ?

ಪಾಮ್ ಹೌಸ್ ಕಟ್ಟಿದ್ದು 1844ರಿಂದ 1848ರ ನಡುವೆ. ಹಡಗು ಕಟ್ಟುವವರ ಕಬ್ಬಿಣದ ಕೆಲಸವನ್ನೇ ಇಲ್ಲಿ ಬಳಸಿದರು. ನೆಲದಡಿಯಲ್ಲಿ ಕಲ್ಲಿದ್ದಲಿನ ಬಾಯ್ಲರ್. ಅದರ ಹೊಗೆ ಸುರಂಗದಲ್ಲಿ ಹರಿದು ದೂರದ ಗೋಪುರದಿಂದ ಹೊರಬೀಳುತ್ತಿತ್ತು.

ಗಾಜು ಮಾಡುವ ಕೆಲಸವೇನು? ಬೆಳಕನ್ನು ಒಳಗೆ ಬಿಟ್ಟು, ಬಿಸಿ ನೆಲದಿಂದ ಹೊರಡುವ ಶಾಖದ ಕಿರಣವನ್ನು ತಡೆಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಸುಳ್ಳಲ್ಲ, ಆದರೆ ಮುಖ್ಯ ಕಾರಣ ಅದಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ. ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆ. ಅದು ಶಾಖದ ಕಿರಣವನ್ನೂ ಹೊರಗೆ ಬಿಡುತ್ತದೆ. ಎರಡೂ ಹೆಚ್ಚುಕಮ್ಮಿ ಒಂದೇ ಹಾಗೆ ಕಾದವು. ಅಂದರೆ ಮುಖ್ಯವಾದದ್ದು ಬಿಸಿ ಗಾಳಿ ಮೇಲೆದ್ದು ಓಡಿಹೋಗದಂತೆ ತಡೆಯುವುದು. ಗಾಳಿ ನಿಂತರೆ ತೇವವೂ ನಿಲ್ಲುತ್ತದೆ.

ನಮ್ಮಲ್ಲಿ ಈ ಕೆಲಸ ಮರಗಳದ್ದು. ದೇವರಕಾಡಿನೊಳಗೆ ಹೋದರೆ ಗೊತ್ತಾಗುತ್ತದೆ. ಕೊಡಗಿನಲ್ಲಿ ಅಂಥವು 1200ಕ್ಕೂ ಹೆಚ್ಚಿವೆ. ಮೇಲೆ ಕೊಂಬೆಗಳು ಕೂಡಿಕೊಂಡು ಗಾಳಿಯ ಓಟ ತಡೆಯುತ್ತವೆ. ಎಲೆಗಳು ಬೇರಿನಿಂದ ಬಂದ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಹಾಗೆ ಆವಿಯಾಗಲು ಶಾಖ ಬೇಕಲ್ಲ, ಅದು ಸುತ್ತಲಿನಿಂದಲೇ ಹೋಗುತ್ತದೆ. ಹಾಗಾಗಿ ಒಳಗೆ ತಂಪು, ತೇವ ಎರಡೂ. ಗಾಜಿನ ಮನೆ ಬಿಸಿಲಲ್ಲಿ ಕಾಯುತ್ತದೆ, ಕಾಡು ತಂಪಾಗುತ್ತದೆ. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಗಾಜಿನ ಮನೆಯಲ್ಲಿ ತೇವ ಉಳಿಸಲು ನೆಲಕ್ಕೆ ನೀರು ಹಾಕಬೇಕು, ಬಿಸಿಲು ಜಾಸ್ತಿಯಾದರೆ ಕಿಟಕಿ ತೆಗೆಯಬೇಕು, ಮರೆ ಕಟ್ಟಬೇಕು. ಎಲೆ ಸುಟ್ಟುಹೋಗಬಾರದು ಅಂತ ಪಾಮ್ ಹೌಸಿಗೆ ಮೊದಲು ಹಸಿರು ಬಣ್ಣದ ಗಾಜನ್ನೇ ಹಾಕಿದ್ದರು.

ತೋಟದಲ್ಲಿ ನಾವು ಮಾಡುವ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು, ಅದೂ ಇದೇ ಲೆಕ್ಕಾಚಾರ. ಮಳೆಗಾಲಕ್ಕೆ ಮುಂಚೆ ಕೊಂಬೆ ತೆಗೆಯದಿದ್ದರೆ ಕೊಳೆರೋಗ. ಜಾಸ್ತಿ ತೆಗೆದರೆ ಬೇಸಿಗೆಯಲ್ಲಿ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳದ ಕಾಟ. ಅತ್ತಿ, ಬಸರಿ, ಹಲಸು, ಹಾಲುವಾಣ ಎಲ್ಲ ಬೆರೆತ ನೆರಳನ್ನು ಕಡಿದು ಬರೀ ಸಿಲ್ವರ್ ಓಕ್ ನೆಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬಗೆಬಗೆಯ ಮರ ಇದ್ದರೆ ಒಂದು ಎಲೆ ಉದುರಿಸಿದಾಗ ಇನ್ನೊಂದು ಹಸಿರಾಗಿರುತ್ತದೆ, ಹಕ್ಕಿಗೆ ಹಣ್ಣೂ ಸಿಗುತ್ತದೆ.

ಬಿಸಿ, ತೇವ, ನೆರಳು ಇಷ್ಟನ್ನೂ ಗಾಜು, ಪೈಪು, ಪರದೆಯಿಂದ ಮಾಡಬಹುದು. ಮಾಡಲು ಕಷ್ಟವಾದದ್ದು ಕಾಲಕಾಲದ ಏರುಪೇರು. ಕಾಫಿ ಮೊಗ್ಗು ಒಣ ದಿನಗಳಲ್ಲಿ ಸುಮ್ನೆ ಕೂತಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಮೊಗ್ಗಿಗೆ ಬಾಯಾರಿಕೆಯೂ ಬೇಕು, ಆಮೇಲೆ ನೀರೂ ಬೇಕು. ವರ್ಷವಿಡೀ ಒದ್ದೆಯಾಗಿರುವ ಕಡೆ ಕಾಫಿ ಆಗಾಗ ಒಂದಷ್ಟು ಹೂ ಬಿಡುತ್ತದೆ, ಒಟ್ಟಿಗೆ ಅರಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ನಾವು ಸ್ಪ್ರಿಂಕ್ಲರ್ ಹಾಕುವುದೂ ಆ ಒಂದು ಮಳೆಯ ಬದಲಿಗೇ.

ಆಮೇಲೆ ಜೇನು. ಕಾಫಿಯ ಇನ್ನೊಂದು ಜಾತಿ ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲೋ, ಹೆಜ್ಜೇನು ತುಡುವೆಯ ಮೈಮೇಲೋ ಬರಬೇಕು. ಗಾಜಿನೊಳಗೆ ಗಾಳಿ ಕಡಿಮೆ, ಹುಳವೂ ಕಡಿಮೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದು ವೆನಿಲಾ. ಮೆಕ್ಸಿಕೋ ಕಡೆಯ ಈ ಬಳ್ಳಿ ಯುರೋಪಿನ ಗಾಜಿನ ಮನೆಗಳಲ್ಲಿ ಬೆಳೆಯಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಇಲ್ಲ. 1836ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಕಾಯಿ ಪಡೆದರು. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಗುಲಾಮ ಹುಡುಗ ಇನ್ನೂ ಸುಲಭದ ದಾರಿ ಕಂಡುಹಿಡಿದ. ಆಗ ಅವನಿಗೆ 12 ವರ್ಷ. ಸಣ್ಣ ಕಡ್ಡಿಯಿಂದ ಹೂವಿನೊಳಗಿನ ತೆಳು ಪೊರೆಯನ್ನು ಮೇಲೆತ್ತಿ, ಬೆರಳಿನಿಂದ ಪರಾಗವನ್ನು ಒತ್ತಿದರೆ ಮುಗಿಯಿತು. ಕೊಡಗಿನ ತೋಟಗಳಲ್ಲೂ ವೆನಿಲಾ ಬೆಳೆದವರು ಮಾಡುವುದು ಇದನ್ನೇ. ಹೂ ಬೆಳಿಗ್ಗೆ ಅರಳಿ ಅದೇ ದಿನ ಬಾಡುವುದರಿಂದ, ಮಧ್ಯಾಹ್ನದೊಳಗೆ ಬಳ್ಳಿಯಿಂದ ಬಳ್ಳಿಗೆ ಹೋಗಿ ಕೆಲಸ ಮುಗಿಸಬೇಕು.