ಆನೆ ಹೋದರೆ ಹೋಗಲಿ ಎಂದ ಆನಂದ್

ಮೊದಲ ನಡೆ ಬಿಳಿಯದು, ಅದಕ್ಕೇ ಕಪ್ಪು ಕಾಯಿ ಬಂತೆಂದರೆ ನನ್ನ ಹತ್ತಿರ ಚೆಸ್ ಕಲಿಯುವ ಮಕ್ಕಳ ಮುಖ ಸಪ್ಪಗಾಗುತ್ತದೆ. ‘ಡ್ರಾ ಆದ್ರೆ ಸಾಕು ಸರ್’ ಎನ್ನುತ್ತಾರೆ. ಆಗ ನಾನು ಬೋರ್ಡಿನ ಮೇಲೆ 2013ರ ಜನವರಿಯ ಒಂದು ಆಟ ಜೋಡಿಸುತ್ತೇನೆ. ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಜೀ ಟೂರ್ನಿ. ಬಿಳಿ ಆರ್ಮೇನಿಯಾದ ಲೆವೊನ್ ಅರೋನಿಯನ್, ಕಪ್ಪು ವಿಶ್ವನಾಥನ್ ಆನಂದ್. 23 ನಡೆಗಳಲ್ಲೇ ಆಟ ಮುಗಿಯಿತು.

ಓಪನಿಂಗ್, ಅಂದರೆ ಆರಂಭದ ನಡೆಗಳ ಕ್ರಮ, ಸೆಮಿ ಸ್ಲಾವ್; ಅದರಲ್ಲೂ ಮೆರಾನ್ ಎಂಬ ಬಗೆ. 1924ರಲ್ಲಿ ಇಟಲಿಯ ಮೆರಾನೋದಲ್ಲಿ ಅಕಿಬಾ ರೂಬಿನ್‌ಸ್ಟೈನ್ ಇದನ್ನು ಆಡಿ ಗೆದ್ದರು, ಊರಿನ ಹೆಸರೇ ಉಳಿಯಿತು. ಶುರುವಿನಲ್ಲಿ ಕಪ್ಪು ಮುದುರಿಕೊಂಡು ಕೂತಂತೆ ಕಾಣುತ್ತದೆ. ಬಿ7ಕ್ಕೆ (ಅಕ್ಷರ ಬೋರ್ಡಿನ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ) ಒಂಟೆ (ಬಿಷಪ್) ಬಂದು, ಸಿ6ರ ಪಾನ್ (ಕಾಲಾಳು) ಒಂದು ಮನೆ ಮುಂದೆ ಹೋದರೆ ಸಾಕು. ಆ ಒಂಟೆಯ ಕಣ್ಣು ನೇರ ಬಿಳಿ ರಾಜನ ಕೋಟೆಯ ಮೇಲೆ!

13ನೇ ನಡೆಯಲ್ಲಿ ಅರೋನಿಯನ್ ಕುದುರೆಯಿಂದ ಎಚ್7ರ ಪಾನ್ ಹೊಡೆದರು. ಎಫ್8ರ ಆನೆಗೆ ಕುತ್ತು ಬಂತು. ಆನಂದ್ ಆನೆ ಉಳಿಸಿಕೊಳ್ಳಲು ಹೋಗಲಿಲ್ಲ, ಕುದುರೆಯನ್ನು ಜಿ4ಕ್ಕೆ ಹಾರಿಸಿದರು. 15ನೇ ನಡೆಯಲ್ಲಿ ಸಿ5ಕ್ಕೆ ಒಂಟೆ ತಂದು ಪಾನಿನ ಬಾಯಿಗೇ ಇಟ್ಟರು. ಮರುನಡೆಯಲ್ಲಿ ಡಿ7ರ ಕುದುರೆ ಇ5ಕ್ಕೆ ಬಂತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಈ ನಡೆ. ಎಫ್4ರ ಪಾನ್ ಆ ಕುದುರೆಯನ್ನು ಹೊಡೆಯಬಹುದು, ಅಲ್ವಾ? ಹೊಡೆದು ನೋಡಿ. ಕುದುರೆ ಜಾಗ ಬಿಟ್ಟಿದ್ದರಿಂದ ಕಪ್ಪು ರಾಣಿಗೆ ದಾರಿ ಸಿಕ್ಕಿದೆ. ರಾಣಿ ಡಿ4ರ ಪಾನ್ ಹೊಡೆದು ಚೆಕ್ ಕೊಡುತ್ತದೆ. ರಾಜ ಮೂಲೆಗೆ, ಎಚ್1ಕ್ಕೆ ಸರಿಯುತ್ತಾನೆ. ರಾಣಿ ಜಿ1ಕ್ಕೇ ಹೋಗಿ ಮತ್ತೆ ಚೆಕ್! ಸಿ5ರ ಒಂಟೆ ಕಾಯುತ್ತಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಆಗ ಜಿ4ರ ಕುದುರೆ ಎಫ್2ಕ್ಕೆ. ಮೇಟ್. ತನ್ನದೇ ಆನೆ, ತನ್ನದೇ ಪಾನ್‌ಗಳ ನಡುವೆ ರಾಜನಿಗೆ ಅಲುಗಾಡಲು ಜಾಗವಿಲ್ಲ. ಇಲ್ಲಿಗೆ ಬಂದಾಗ ಮಕ್ಕಳು ಬೋರ್ಡಿನ ಮೇಲೇ ಬಾಗಿಬಿಡುತ್ತಾರೆ.

ಅರೋನಿಯನ್ ಅದಕ್ಕೆ ಸಿಗಲಿಲ್ಲ. ಒಂದು ಕುದುರೆ ಹೊಡೆದರು, ಆಮೇಲೆ ಆನೆಯನ್ನೂ ತೆಗೆದುಕೊಂಡರು. ‘ಈಗ ಏನು ಆಡ್ತೀರಿ?’ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಎಫ್8ರ ಬಿಳಿ ಕುದುರೆ ಹೊಡೆಯಲು ಹೊರಡುತ್ತಾರೆ. ಆನಂದ್ ಎಫ್5ಕ್ಕೆ ಒಂದು ಪಾನ್ ನೂಕಿದರು, ಅಷ್ಟೇ. ಬಿಳಿ ರಾಣಿ ಎಚ್7ಕ್ಕೆ ಬರುವ ದಾರಿ ಮುಚ್ಚಿತು, ಜಿ4ರ ಕುದುರೆಗೆ ಕಾವಲೂ ಆಯಿತು. ಬಿಳಿ ಕುದುರೆ ಜಿ6ಕ್ಕೆ ಓಡಿತು, ಅಲ್ಲೇ ರಾಣಿಗೆ ಸಿಕ್ಕಿತು.

ಕೊನೆಯ ನಡೆ ಕಪ್ಪು ಒಂಟೆ ಇ3ಕ್ಕೆ. ಡಿ3ರಿಂದ ಎಚ್3ರ ಪಾನ್ ಕಾಯುತ್ತಿದ್ದ ಬಿಳಿ ರಾಣಿಗೆ ಅದು ಅಡ್ಡ ಬಂದು ಕೂತಿತು. ಇನ್ನು ಕಪ್ಪು ರಾಣಿ ಎಚ್3ರಲ್ಲಿ ಹೊಡೆದರೆ ತಿರುಗಿ ಹೊಡೆಯಬೇಕಾದದ್ದು ಜಿ2ರ ಪಾನ್. ಅದು ಕದಲುವಂತಿಲ್ಲ, ಕದಲಿದರೆ ಬಿ7ರ ಒಂಟೆಯಿಂದ ನೇರ ರಾಜನಿಗೆ ಚೆಕ್. ಅರೋನಿಯನ್ ಸೋಲೊಪ್ಪಿಕೊಂಡರು.