ಕಲಬುರಗಿಯ ಬಿಸಿಲಲ್ಲಿ 500 ಲೀಟರ್ ಕಡಲು

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ಬಂದರೆ ಅಂಗಿಯ ಬೆನ್ನಿನ ಮೇಲೆ ಬಿಳಿಯ ಗೆರೆಗಳು ಮೂಡಿರುತ್ತವೆ. ಬೆವರಿನ ನೀರನ್ನು ಗಾಳಿ ಕುಡಿದಿರುತ್ತದೆ, ಉಪ್ಪು ಬಟ್ಟೆಯಲ್ಲಿ ಉಳಿದಿರುತ್ತದೆ. ಮನೆಯೊಳಗೆ ಬಂದರೆ ಪಡಸಾಲೆಯ ಗಾಜಿನ ತೊಟ್ಟಿಯ ಅಂಚಿನಲ್ಲೂ ಅದೇ ಬಿಳಿಯ ಗೆರೆ. ಬೇಸಿಗೆಯಲ್ಲಿ ನಾನು ದಿನವೂ ಮೊದಲು ನೋಡುವುದು ಅದನ್ನೇ.

ತೊಟ್ಟಿ 2 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ಕಲ್ಲು, ಮರಳಿನ ಲೆಕ್ಕ ಬಿಟ್ಟರೆ 500 ಲೀಟರ್ ಕಡಲ ನೀರು. ಅದರಲ್ಲಿ ಒಂದು ಪಿಕಾಸೊ ಟ್ರಿಗರ್ ಮೀನು, ಎರಡು ಡೊಮಿನೊ ಡ್ಯಾಮ್ಸೆಲ್‌ಗಳು ಇವೆ. ಮೂರೂ ಜಗಳಗಂಟ ಮೀನುಗಳು. ಅಕ್ಕನ ಮಗ ಟ್ರಿಗರ್‌ಗೆ ‘ಪೈಲ್ವಾನ’ ಎಂದು ಹೆಸರಿಟ್ಟಿದ್ದಾನೆ. ಶರಣಬಸವೇಶ್ವರ ಜಾತ್ರೆಗೆ ಹೋಗಿ ಬೆಳೆದ ಹುಡುಗನಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ನಮ್ಮ ಊರಿನಿಂದ ಯಾವ ಕಡೆ ಹೊರಟರೂ ಕಡಲು 300 ಕಿಲೋಮೀಟರಿಗಿಂತ ದೂರ. ಹಾಗಾಗಿ ಕಡಲು ತಾನಾಗಿ ಮಾಡಿಕೊಳ್ಳುವ ಕೆಲಸಗಳನ್ನೆಲ್ಲ ಇಲ್ಲಿ ನಾವೇ ಮಾಡಬೇಕು.

ಬೇರೆಯವರ ಕಡಲ ತೊಟ್ಟಿಗಳಲ್ಲಿ ಅರ್ಧ ಕೆಲಸವನ್ನು ಜೀವಿಗಳೇ ಮಾಡುತ್ತವೆ. ಬಸವನಹುಳುಗಳು ಗಾಜಿನ ಪಾಚಿ ಮೇಯುತ್ತವೆ, ಸನ್ಯಾಸಿ ಏಡಿಗಳು ಉಳಿದ ಆಹಾರ ಹೆಕ್ಕುತ್ತವೆ, ಸಿಗಡಿಗಳು ಸಂದುಗೊಂದು ಗುಡಿಸುತ್ತವೆ. ಟ್ರಿಗರ್ ಇರುವಲ್ಲಿ ಇವೆಲ್ಲವೂ ಊಟದ ಪಾಲು. ಈ ಮೀನಿನ ಪ್ರತಿ ದವಡೆಯ ಮುಂಭಾಗದಲ್ಲಿ ಉಳಿಯಂತಹ ಎಂಟು ಹಲ್ಲುಗಳಿವೆ. ಏಡಿಯ ಕವಚ, ಶಂಖದ ಚಿಪ್ಪು, ಮುಳ್ಳು ಚೆಂಡಿನಂತಿರುವ ಸೀ ಅರ್ಚಿನ್, ಇವನ್ನೆಲ್ಲ ಒಡೆಯಲೆಂದೇ ಆದ ಹಲ್ಲುಗಳು. ಅರ್ಚಿನ್ನಿನ ಮೇಲೆ ಬಾಯಿಂದ ನೀರಿನ ಚಿಲುಮೆ ಊದಿ, ಅದನ್ನು ಮಗುಚಿ, ಮುಳ್ಳು ಗಿಡ್ಡವಿರುವ ಹೊಟ್ಟೆಯ ಕಡೆಯಿಂದ ತಿನ್ನುವ ಟ್ರಿಗರ್‌ಗಳಿವೆ. ಕಣ್ಣುಗಳು ಬಾಯಿಯಿಂದ ಬಹಳ ಹಿಂದೆ, ಮೇಲ್ಗಡೆ ಇರುವುದರಿಂದ ಮುಳ್ಳು ಅವುಗಳಿಗೆ ತಾಗುವುದಿಲ್ಲ. ಇಂಥ ಮೀನಿನ ತೊಟ್ಟಿಗೆ ಎಂಟು ಬಸವನಹುಳುಗಳನ್ನು ಬಿಟ್ಟರೆ ಸಂಜೆಗೆ ಚಿಪ್ಪಿನ ಚೂರುಗಳಷ್ಟೇ ಸಿಗುತ್ತವೆ. ಆದ್ದರಿಂದ ನಮ್ಮ ಮನೆಯಲ್ಲಿ ಬಸವನಹುಳುವಿನ ಕೆಲಸ ನನ್ನದು, ಏಡಿಯ ಕೆಲಸ ಅಕ್ಕನ ಮಗನದು.

ಕೆಲಸ ಹೆಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಾಂಸಾಹಾರಿ ಮೀನು ಹರಿದು ತಿನ್ನುತ್ತದೆ, ಚೂರುಗಳನ್ನು ಚೆಲ್ಲುತ್ತದೆ. ತಿಂದ ಪ್ರೋಟೀನಿನಲ್ಲಿರುವ ಸಾರಜನಕ ಬಹುಪಾಲು ಅಮೋನಿಯಾ ಆಗಿ, ಕಿವಿರಿನ ಮೂಲಕವೇ ನೀರಿಗೆ ಸೇರುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ: ವಿದ್ಯುದಂಶ ಹೊತ್ತ ಅಮೋನಿಯಂ ಅಷ್ಟಾಗಿ ಹಾನಿ ಮಾಡದು, ವಿದ್ಯುದಂಶವಿಲ್ಲದ ಅಮೋನಿಯಾ ಕಿವಿರಿನ ಪೊರೆಯನ್ನು ಸಲೀಸಾಗಿ ದಾಟಿ ವಿಷವಾಗುತ್ತದೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7 ಇರುವ ಸಿಹಿನೀರಿನಲ್ಲಿ ಎರಡನೆಯ ರೂಪ ಶೇಕಡಾ 1ಕ್ಕಿಂತ ಕಡಿಮೆ. ಕಡಲ ನೀರಿನ ಪಿಎಚ್ ಸುಮಾರು 8.2. ಅಲ್ಲಿ ಅದರ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ, ನೀರು ಬಿಸಿಯಾದಷ್ಟೂ ಮತ್ತಷ್ಟು ಏರುತ್ತದೆ. ಸಿಹಿನೀರಿನ ಗೋಲ್ಡ್ ಫಿಶ್ ತಾಳಿಕೊಳ್ಳುವ ಹೊಲಸನ್ನು ಕಡಲ ಮೀನು ತಾಳಿಕೊಳ್ಳದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಈ ವಿಷವನ್ನು ನಿಭಾಯಿಸುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅವು ನೀರಿನಲ್ಲಿ ತೇಲುತ್ತಿರುವುದಿಲ್ಲ. ಕಲ್ಲಿನ ರಂಧ್ರಗಳಲ್ಲಿ, ಮರಳಿನ ಕಣಗಳ ಮೇಲೆ, ಫಿಲ್ಟರಿನ ಸ್ಪಂಜಿನಲ್ಲಿ ಕಂದು ಬಣ್ಣದ ಲೋಳೆಯಾಗಿ ಅಂಟಿಕೊಂಡಿರುತ್ತವೆ. ಅಂದರೆ ಕೊಳೆಯೆಂದು ನಮಗೆ ಕಾಣುವುದರಲ್ಲೇ ಅವುಗಳ ವಾಸ.

ಇದನ್ನು ನಾನು ಮೀನುಗಳ ಜೀವ ತೆತ್ತು ಕಲಿತೆ. ತೊಟ್ಟಿ ತಂದ ಮೊದಲ ವರ್ಷ ಮನೆಯಲ್ಲೊಂದು ಕಾರ್ಯಕ್ರಮವಿತ್ತು. ನೆಂಟರು ಬರುತ್ತಾರೆಂದು ಹಿಂದಿನ ದಿನ ಕಲ್ಲುಗಳನ್ನೆಲ್ಲ ಹೊರತೆಗೆದು ಬ್ರಷ್ ಹಾಕಿ ತಿಕ್ಕಿದೆ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವವರೆಗೆ ಹಿಂಡಿದೆ. ನೀರು ಹರಳಿನಂತೆ ಹೊಳೆಯಿತು, ಬಂದವರೆಲ್ಲ ಮೆಚ್ಚಿದರು. ಮೂರನೆಯ ದಿನ ನೀರು ಹಾಲು ಕಲಸಿದಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಆಗಿದ್ದ ನಾಲ್ಕು ಡ್ಯಾಮ್ಸೆಲ್‌ಗಳಲ್ಲಿ ಎರಡು ಸತ್ತವು. ನಲ್ಲಿಯ ಕ್ಲೋರಿನ್ ಮತ್ತು ನನ್ನ ಬ್ರಷ್ ಸೇರಿ, ಒಂದೂವರೆ ತಿಂಗಳಲ್ಲಿ ನೆಲೆಯೂರಿದ್ದ ಬ್ಯಾಕ್ಟೀರಿಯಾ ಸಂಸಾರವನ್ನು ಒಂದು ಮಧ್ಯಾಹ್ನದಲ್ಲಿ ಬರಿದು ಮಾಡಿದ್ದವು. ಹಾಲು ಹುಳಿಯಾಗಿಸುವ ಬ್ಯಾಕ್ಟೀರಿಯಾದಂತೆ ಇವು ಬೇಗ ಹೆಚ್ಚುವುದಿಲ್ಲ. ಒಂದು ಎರಡಾಗಲು ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನವೇ ಬೇಕಾಗುತ್ತದೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಕಾಯಬೇಕಾಗುವುದು ಅದಕ್ಕೇ.

ಈಗ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಹಳೆಯ ನೀರಿನಲ್ಲಿ ಅದ್ದಿ, ಎರಡು ಸಲ ಮೆಲ್ಲಗೆ ಹಿಂಡಿ ಹಾಗೆಯೇ ಇಡುತ್ತೇನೆ. ಸಾಬೂನು ಹತ್ತಿರ ಸುಳಿಯಬಾರದು. ಅದರ ಅಂಶ ಮೀನಿನ ಮೈಯ ಲೋಳೆಯನ್ನೂ ಕಿವಿರನ್ನೂ ಕೆಡಿಸುತ್ತದೆ. ಪಂಪಿನ ಮೇಲೆ ಸುಣ್ಣದ ಪದರ ಕಟ್ಟಿದರೆ ನೀರು ಬೆರೆಸಿದ ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ, ಚೆನ್ನಾಗಿ ತೊಳೆದರೆ ಸಾಕು.

ನೈಟ್ರೇಟ್ ಉಳಿಯುತ್ತದಲ್ಲ, ಅದನ್ನು ತೆಗೆಯುವ ಬ್ಯಾಕ್ಟೀರಿಯಾ ನಮ್ಮ ತೊಟ್ಟಿಯಲ್ಲಿ ಸಾಲದು. ವಾರಕ್ಕೊಮ್ಮೆ 50 ಲೀಟರ್ ತೆಗೆದು ಅಷ್ಟೇ ಹೊಸ ಕಡಲ ನೀರು ಹಾಕುವುದೇ ದಾರಿ. ಕೊಳೆ ಅಮೋನಿಯಾ ಆಗುವ ಮೊದಲೇ ಒಂದಷ್ಟನ್ನು ಹಿಡಿಯುವ ಯಂತ್ರವೂ ಇದೆ, ಪ್ರೋಟೀನ್ ಸ್ಕಿಮ್ಮರ್. ತೊಗರಿಯ ಕಣಜದವರಿಗೆ ಅದನ್ನು ವಿವರಿಸುವುದು ಸುಲಭ. ಬೇಳೆ ಕುದಿಯುವಾಗ ಮೇಲೆ ನೊರೆ ಬರುತ್ತದೆ, ನಮ್ಮ ಅವ್ವಂದಿರು ಅದನ್ನು ಸೌಟಿನಿಂದ ತೆಗೆದು ಚೆಲ್ಲುತ್ತಾರೆ. ಪ್ರೋಟೀನಿನ ಅಣುವಿನ ಒಂದು ಭಾಗಕ್ಕೆ ನೀರು ಬೇಕು, ಇನ್ನೊಂದು ಭಾಗಕ್ಕೆ ನೀರು ಬೇಡ. ಹಾಗಾಗಿ ಅದು ಗುಳ್ಳೆಯ ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ. ಸ್ಕಿಮ್ಮರ್ ಕೊಳವೆಯೊಳಗೆ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ಅಂಟಿದ ಕೊಳೆಯನ್ನು ನೊರೆಯಾಗಿ ಮೇಲಿನ ಬಟ್ಟಲಿಗೆ ತಳ್ಳುತ್ತದೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿಬಿಡುತ್ತವೆ. ಕರಗಿದ ಉಪ್ಪು ಆ ಕೂಡುವಿಕೆಯನ್ನು ತಡೆಯುತ್ತದೆ. ಕಡಲ ತೀರದಲ್ಲಿ ಅಷ್ಟು ನೊರೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಎರಡು ದಿನಕ್ಕೊಮ್ಮೆ ಆ ಬಟ್ಟಲನ್ನು ತೊಳೆಯುವುದು ಅಕ್ಕನ ಮಗನ ಪಾಲಿನ ಕೆಲಸ. ಕಡುಕಪ್ಪು ಚಹಾದಂತಹ ನೀರು, ವಾಸನೆ ತಡೆಯಲಾಗದು. ಅಷ್ಟು ಹೊಲಸು ಮೀನಿನ ಕಿವಿರಿಗೆ ಹೋಗಲಿಲ್ಲವಲ್ಲ ಎಂದು ಪ್ರತಿ ಸಲವೂ ನನಗೆ ಸಮಾಧಾನವಾಗುತ್ತದೆ.

ಇನ್ನು ಉಪ್ಪಿನ ಲೆಕ್ಕ. ಕಡಲಿನ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನಮ್ಮ ತೊಟ್ಟಿಯಲ್ಲಿ 17 ಕಿಲೋಗೂ ಹೆಚ್ಚು. ಕಲಬುರಗಿಯ ಒಣ ಸೆಕೆಯಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಇಳಿದರೂ 10 ಲೀಟರ್ ಹೋದಂತೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ 40 ಲೀಟರ್ ಮಾಯ, ಉಪ್ಪು ಮಾತ್ರ ಅಷ್ಟೇ. 35 ಇದ್ದದ್ದು 38 ಆಗಿರುತ್ತದೆ. ಕಡಲ ಮೀನಿನ ರಕ್ತದಲ್ಲಿ ಉಪ್ಪು ಸುತ್ತಲಿನ ನೀರಿಗಿಂತ ಬಹಳ ಕಡಿಮೆ. ಹಾಗಾಗಿ ಅದರ ಮೈಯಿಂದ ನೀರು ಸದಾ ಹೊರಗೆ ಜಿನುಗುತ್ತಲೇ ಇರುತ್ತದೆ. ನೀರಿನಲ್ಲೇ ಇದ್ದೂ ಅದು ಬಾಯಾರಿದ ಜೀವಿ. ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರಹಾಕುತ್ತದೆ. ಉಪ್ಪು ದಿಢೀರನೆ ಏರಿದರೆ ಆ ಕೋಶಗಳ ಮೇಲೆ ಹೊರೆ ಬೀಳುತ್ತದೆ. ಆವಿಯಾದದ್ದಕ್ಕೆ ಬದಲಾಗಿ ಹಾಕಬೇಕಾದದ್ದು ಶುದ್ಧ ಸಿಹಿನೀರು. ಅದಕ್ಕೂ ಉಪ್ಪು ನೀರನ್ನೇ ಸುರಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು.

ಇಲ್ಲಿ ನಮ್ಮ ಊರಿನ ಬಿಸಿಲು ಒಂದು ಉಪಕಾರವನ್ನೂ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಸುಮಾರು 2400 ಕಿಲೋಜೂಲ್. ಅಷ್ಟು ಶಾಖವನ್ನು ತೊಟ್ಟಿಯ ನೀರೇ ಕೊಟ್ಟರೆ 500 ಲೀಟರ್ ಒಂದು ಡಿಗ್ರಿಗಿಂತ ಹೆಚ್ಚು ತಣ್ಣಗಾಗುತ್ತದೆ. ಕೂಲರ್ ಕೆಲಸ ಮಾಡುವುದೂ ಹೀಗೆಯೇ. ಹೊರಗೆ 43 ಡಿಗ್ರಿ ಇರುವಾಗ ನೀರಿನ ಮೇಲ್ಮೈಗೆ ಸಣ್ಣದೊಂದು ಫ್ಯಾನ್ ಹಿಡಿದರೆ ಸಾಕು, ತೊಟ್ಟಿ 27–28 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಅದೇ ಫ್ಯಾನ್ ಇಷ್ಟು ಫಲ ಕೊಡದು. ಆಗಲೇ ತೇವದಿಂದ ತುಂಬಿದ ಗಾಳಿ ಇನ್ನಷ್ಟು ಆವಿಯನ್ನು ಸುಲಭವಾಗಿ ಹೀರುವುದಿಲ್ಲ. ಕಡಲಿನಿಂದ ದೂರವಿರುವುದರ ಈ ಒಂದು ಲಾಭವನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ. ಅದಕ್ಕೂ ಪ್ಲಾಸ್ಟಿಕ್ ಜಾಳಿಗೆ ತೊಡಿಸಿದ್ದೇನೆ, ಪೈಲ್ವಾನ ವೈರು ಕಚ್ಚುತ್ತಾನೆ.

ಹೊಸ ನೀರು ಎಲ್ಲಿಂದ? ಸವಳು ಬೋರ್‌ವೆಲ್ ನೀರು ನೇರವಾಗಿ ಆಗದು. ಆರ್‌ಒ ಯಂತ್ರದಲ್ಲಿ ಲವಣ ತೆಗೆದ ನೀರೇ ಬೇಕು. ಮನೆಯ ಎಷ್ಟೋ ಯಂತ್ರಗಳು ರುಚಿಗಾಗಿ ಲವಣ ತೆಗೆಯದ ಒಂದಿಷ್ಟು ನೀರನ್ನು ಬೆರೆಸುತ್ತವೆ. ಆ ತಿರುಪನ್ನು ಮುಚ್ಚಿಸಬೇಕು. ಅಡುಗೆ ಉಪ್ಪು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಕಡಲ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡ್ ಸುಮಾರು ಶೇಕಡಾ 85. ಉಳಿದ ಪಾಲು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳದು. 1872ರಿಂದ 1876ರವರೆಗೆ ಜಗತ್ತಿನ ಕಡಲುಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಪರೀಕ್ಷಿಸಿ, ಒಟ್ಟು ಉಪ್ಪು ಹೆಚ್ಚು ಕಡಿಮೆಯಾದರೂ ಈ ಪಾಲುಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಎಂದು 1884ರಲ್ಲಿ ತೋರಿಸಿದ. ಪೊಟ್ಟಣದ ಕಡಲ ಉಪ್ಪು ತಯಾರಿಸಲು ಸಾಧ್ಯವಾಗಿರುವುದು ಈ ಸ್ಥಿರತೆಯಿಂದ.

ಇನ್ನೊಂದು ಪ್ರಶ್ನೆಯನ್ನೂ ನಮ್ಮ ಕಡೆಯವರು ತಪ್ಪದೇ ಕೇಳುತ್ತಾರೆ: ಅಲಂಕಾರಕ್ಕೆ ಶಹಾಬಾದಿ ಫರ್ಸಿ ಇಡಬಹುದಲ್ಲ? ಪ್ರಶ್ನೆ ಸುಂದರವಾಗಿದೆ. ನಾವು ದಿನವೂ ಕಾಲಿಡುವ ಆ ಸುಣ್ಣದ ಕಲ್ಲು, ಜೀವಿಗಳಿಗೆ ಚಿಪ್ಪು ಮೂಡುವುದಕ್ಕೂ ಮೊದಲು ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಆದರೆ ಅದರಲ್ಲಿ ಜೇಡಿ ಬೆರೆತಿದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ರಂಧ್ರಗಳಿಲ್ಲ. ಪಿಎಚ್ 8.2ರಲ್ಲಿ ಅದು ಕರಗುವುದೂ ಇಲ್ಲ, ಹಾಗಾಗಿ ನೀರಿಗೆ ಉಪಯೋಗವಿಲ್ಲ. ಹವಳದ ಕಲ್ಲಂತೂ ಬೇಡ. ನಮ್ಮ ದೇಶದ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಇರಲೂ ಬೇಕು. ನಾನು ರಂಧ್ರವಿರುವ ಪಿಂಗಾಣಿ ಕಲ್ಲುಗಳನ್ನು ಬಳಸುತ್ತೇನೆ.

ಆ ಕಲ್ಲುಗಳು ಮೀನಿಗೆ ಮನೆ, ಬೇಲಿ, ಹೊಲ ಎಲ್ಲವೂ. ಹವಳದ ದಿಬ್ಬಗಳಲ್ಲಿ ಕೆಲವು ಜಾತಿಯ ಡ್ಯಾಮ್ಸೆಲ್‌ಗಳು ಪಾಚಿಯ ತೋಟ ಮಾಡಿ, ಬೇಡದ ಪಾಚಿಯನ್ನು ಕಿತ್ತು ಹಾಕಿ, ಬಂದವರನ್ನೆಲ್ಲ ಅಟ್ಟುತ್ತವೆ. ತಮಗಿಂತ ಎಷ್ಟೋ ಪಟ್ಟು ದೊಡ್ಡ ಮುಳುಗುಗಾರರನ್ನೂ ಬಿಡುವುದಿಲ್ಲ. ನಮ್ಮ ಮೀನುಗಳ ಜಗಳಗಂಟತನವನ್ನು ನಾನು ಹೀಗೆಯೇ ನೋಡುತ್ತೇನೆ: ಅದು ಗಡಿಯ ಲೆಕ್ಕ. ಸ್ವಚ್ಛ ಮಾಡುವ ನೆಪದಲ್ಲಿ ಕಲ್ಲು ಕದಲಿಸಿದರೆ ಗಡಿಗಳೆಲ್ಲ ಅಳಿಸಿಹೋಗಿ ವಾರಗಟ್ಟಲೆ ಹೊಡೆದಾಟ. ಆದ್ದರಿಂದ ಒಂದು ವಾರ ಎಡಗಡೆಯ ಮರಳು, ಮುಂದಿನ ವಾರ ಬಲಗಡೆಯದು, ಕಲ್ಲು ಮುಟ್ಟುವುದಿಲ್ಲ. ಹೊಸ ಮೀನು ಬಿಡುವ ದಿನ ಮಾತ್ರ ಬೇಕೆಂದೇ ಎಲ್ಲವನ್ನೂ ಬದಲಿಸುತ್ತೇವೆ. ಆಗ ಹಳೆಯ ಯಜಮಾನನೂ ಜಾಗ ಹುಡುಕಬೇಕಾಗುತ್ತದೆ, ಹೊಸಬನಿಗೆ ಉಸಿರಾಡಲು ಸಮಯ ಸಿಗುತ್ತದೆ.

ಕೈ ಹಾಕುವ ಮೊದಲು ತೂತುಗಳಿರುವ ಅಕ್ರಿಲಿಕ್ ಹಲಗೆಯನ್ನು ನಡುವೆ ಇಳಿಸಿ ಪೈಲ್ವಾನನನ್ನು ಆಚೆ ಕಡೆ ಇರಿಸುತ್ತೇವೆ. ಗಾಜಿಗೆ ಆಯಸ್ಕಾಂತದ ಬ್ರಷ್, ಒಳಗಿನ ಕೆಲಸಕ್ಕೆ ಉದ್ದದ ಚಿಮಟ. ಕೈಯಲ್ಲಿ ಗಾಯವಿದ್ದರೆ ಅಂದು ರಜೆ; ತೊಟ್ಟಿಯ ನೀರಿನಲ್ಲಿರಬಹುದಾದ ಮೈಕೋಬ್ಯಾಕ್ಟೀರಿಯಂ ಮರೀನಂ ಚರ್ಮಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಏಳುತ್ತದೆ. ಇದೇ ಕಾರಣಕ್ಕೆ ಪೈಪಿನಲ್ಲಿ ಬಾಯಿಂದ ನೀರು ಎಳೆಯಬಾರದು ಎಂದು ಹುಡುಗನಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಟ್ರಿಗರ್ ಹಿಡಿಯಲು ಬಲೆಯೂ ಸಲ್ಲ. ಹೆದರಿದಾಗ ಅದು ಬೆನ್ನಿನ ದೊಡ್ಡ ಮುಳ್ಳನ್ನು ಎತ್ತುತ್ತದೆ, ಹಿಂದಿನ ಚಿಕ್ಕ ಮುಳ್ಳು ಬಾಗಿಲ ಅಗಳಿಯಂತೆ ಅದಕ್ಕೆ ಆನಿಕೊಳ್ಳುತ್ತದೆ. ದೊಡ್ಡದನ್ನು ಎಷ್ಟು ಒತ್ತಿದರೂ ಬಗ್ಗದು, ಚಿಕ್ಕದನ್ನು ಮುಟ್ಟಿದರೆ ತಟ್ಟನೆ ಮಡಚುತ್ತದೆ. ಈ ಮೀನಿಗೆ ಬಂದೂಕಿನ ಟ್ರಿಗರಿನ ಹೆಸರು ಬಂದದ್ದು ಇದರಿಂದ. ಬಲೆಗೆ ಸಿಕ್ಕಿಕೊಂಡ ಆ ಮುಳ್ಳನ್ನು ಎಳೆದರೆ ಮೀನಿಗೆ ಗಾಯ. ಅಗಲ ಬಾಯಿಯ ಡಬ್ಬಿಯೇ ಒಳ್ಳೆಯದು.

ಕರೆಂಟು ಹೋದಾಗಿನ ಭಯವೇ ಬೇರೆ. 25 ಡಿಗ್ರಿಯಲ್ಲಿ ಕಡಲ ನೀರು ಹಿಡಿದಿಡುವ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಭಾಗ ಕಡಿಮೆ, ಬಿಸಿಯಾದರೆ ಇನ್ನೂ ಕಡಿಮೆ. ಪಂಪು ನಿಂತರೆ ಮೀನಿನ ಜೊತೆಗೆ ಬ್ಯಾಕ್ಟೀರಿಯಾಗಳೂ ಅದನ್ನೇ ಉಸಿರಾಡಿ ಮುಗಿಸುತ್ತವೆ. ಹೋದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಇನ್ವರ್ಟರ್ ಕೂಡ ಕೈಕೊಟ್ಟಿತು, ಬ್ಯಾಟರಿಯ ಏರ್ ಪಂಪು ಅರ್ಧ ಗಂಟೆಗೆ ನಿಂತಿತು. ಆಗ ನನಗೆ ನೆನಪಾದದ್ದು ಆನಾ ಥಿನ್. 1846ರಲ್ಲಿ ಇಂಗ್ಲೆಂಡಿನ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದ ಮಹಿಳೆ ಅವರು. ಪಂಪುಗಳಿಲ್ಲದ ಕಾಲ, ಮನೆಯ ಕೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು, ಗಾಳಿ ಬೆರೆಯಲೆಂದು.

ನಾನು ಅಡುಗೆಮನೆಯಿಂದ ತಂಬಿಗೆ ತಂದೆ. ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಸುರಿಯುತ್ತಾ ಹೋದೆ. ಸದ್ದಿಗೆ ಎದ್ದು ಬಂದ ಅಕ್ಕನ ಮಗ, “ಮಾಮಾ, ನೀವು ಕುಳಿತುಕೊಳ್ಳಿ” ಎಂದು ತಂಬಿಗೆ ಇಸಿದುಕೊಂಡ. ನಾನು ಟಾರ್ಚ್ ಹಿಡಿದೆ. ಬೆಳಕಿನಲ್ಲಿ ಪೈಲ್ವಾನ ಕಲ್ಲಿನ ಸಂದಿಯಲ್ಲಿ ಪಕ್ಕಕ್ಕೆ ಒರಗಿ, ಬೆನ್ನಿನ ಮುಳ್ಳಿನ ಅಗಳಿ ಹಾಕಿಕೊಂಡು ಮಲಗಿರುವುದು ಕಂಡಿತು. ಕಿವಿರು ನಿಧಾನವಾಗಿ ತೆರೆದು ಮುಚ್ಚುತ್ತಿತ್ತು. ಕರೆಂಟು ಬಂದಾಗ ನಾಲ್ಕು ಗಂಟೆ ಹತ್ತು ನಿಮಿಷವಾಗಿತ್ತು.