ನಾನ್‌ರಿನ್ಯೂವಲ್: ಕಾಡ್ಗಿಚ್ಚಿನ ನಾಡಿನಲ್ಲಿ ಮನೆ ವಿಮೆ ಕೈಬಿಡುವ ಬಗೆ

ಕ್ಯಾಲಿಫೋರ್ನಿಯಾದ ಗುಡ್ಡಗಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡವರ ನಿದ್ದೆ ಕೆಡಿಸಿರುವ ಪದ ‘ನಾನ್‌ರಿನ್ಯೂವಲ್’. ಅಲ್ಲಿ ಮನೆಯ ವಿಮೆ ಸಾಮಾನ್ಯವಾಗಿ ಒಂದು ವರ್ಷದ ಲೆಕ್ಕದ್ದು. ವರ್ಷ ತುಂಬಿದ ಮೇಲೆ ಪಾಲಿಸಿಯನ್ನು ಮುಂದುವರಿಸುವುದಿಲ್ಲ ಎಂದು ಕಂಪನಿ ತಿಳಿಸಿದರೆ ಅದು ನಾನ್‌ರಿನ್ಯೂವಲ್. ಪಾಲಿಸಿದಾರರು ಒಂದು ಕಂತನ್ನೂ ತಪ್ಪಿಸಿರಬೇಕಿಲ್ಲ, ಒಂದು ಡಾಲರ್ ಪರಿಹಾರವನ್ನೂ ಕೇಳಿರಬೇಕಿಲ್ಲ. ಅವಧಿಯ ನಡುವೆಯೇ ಪಾಲಿಸಿ ರದ್ದು ಮಾಡುವುದು ಬೇರೆ. ಅದಕ್ಕೆ ಹಣ ಕಟ್ಟದಿರುವುದು, ವಂಚನೆ ಮುಂತಾದ ಕೆಲವೇ ಕಾರಣಗಳನ್ನು ಕಾನೂನು ಒಪ್ಪುತ್ತದೆ. ವರ್ಷದ ಕೊನೆಯಲ್ಲಿ ಕೈಬಿಡುವುದಕ್ಕೆ ಅಷ್ಟು ಅಡ್ಡಿಯಿಲ್ಲ. ಕನಿಷ್ಠ 75 ದಿನ ಮುಂಚೆ ಕಾರಣ ಬರೆದು ಪತ್ರ ಕಳುಹಿಸಿದರೆ ಸಾಕು. ಆ ಪತ್ರದಲ್ಲಿ ಬಹಳ ಸಲ ಇರುವ ಕಾರಣವೂ ಒಂದೇ: ನಿಮ್ಮ ಮನೆ ಇರುವ ಜಾಗದಲ್ಲಿ ಕಾಡ್ಗಿಚ್ಚಿನ ಅಪಾಯ ನಮ್ಮ ಮಿತಿ ಮೀರಿದೆ.

ವಿಮೆ ಹೋದರೆ ಹೋಗಲಿ ಎಂದು ಸುಮ್ಮನಿರಲು ಸಾಲ ಬಿಡುವುದಿಲ್ಲ. ಸಾಲ ತೀರುವ ತನಕ ಮನೆಗೆ ವಿಮೆ ಇರಲೇಬೇಕೆಂಬುದು ಬ್ಯಾಂಕಿನ ಷರತ್ತು. ಮಾಲೀಕರು ಮಾಡಿಸದಿದ್ದರೆ ಬ್ಯಾಂಕೇ ಒಂದು ಪಾಲಿಸಿ ಮಾಡಿಸಿ ಹಣವನ್ನು ಅವರಿಂದ ವಸೂಲು ಮಾಡುತ್ತದೆ. ಅಂಥ ಪಾಲಿಸಿ ದುಬಾರಿ. ಮೇಲಾಗಿ ಅದು ಕಾಯುವುದು ಬ್ಯಾಂಕಿನ ಸಾಲವನ್ನು. ಒಳಗಿರುವ ಸಾಮಾನು ಸರಂಜಾಮು ಸುಟ್ಟರೆ ಮನೆಯವರಿಗೆ ಏನೂ ಸಿಗದಿರಬಹುದು.

ಉಳಿಯುವ ದಾರಿ ‘ಫೇರ್ ಪ್ಲಾನ್’. ಬೇರೆ ಯಾರೂ ವಿಮೆ ಕೊಡದಾಗ ಹೋಗಿ ನಿಲ್ಲುವ ಕೊನೆಯ ಬಾಗಿಲು ಅದು. 1968ರಲ್ಲಿ ಆರಂಭವಾಯಿತು. ಸರಕಾರದ್ದೆಂದು ಹಲವರು ತಿಳಿದಿದ್ದಾರೆ, ಆದರೆ ಅದರ ಹಿಂದೆ ತೆರಿಗೆಯ ಹಣವಿಲ್ಲ. ರಾಜ್ಯದಲ್ಲಿ ಆಸ್ತಿ ವಿಮೆ ಮಾರುವ ಕಂಪನಿಗಳೆಲ್ಲ ಸೇರಿ ನಷ್ಟ ಹಂಚಿಕೊಳ್ಳಬೇಕೆಂದು ಕಾನೂನು ಕಟ್ಟಿಕೊಟ್ಟ ಕೂಟ ಅದು. ಅದರ ಮೂಲ ಪಾಲಿಸಿ ಬೆಂಕಿ, ಸಿಡಿಲು, ಹೊಗೆ, ಮನೆಯೊಳಗಿನ ಸ್ಫೋಟಕ್ಕೆ ಸೀಮಿತ. ಕಳ್ಳತನಕ್ಕೆ, ಪೈಪು ಒಡೆದು ಮನೆ ತುಂಬುವ ನೀರಿಗೆ ಬೇರೆ ಪಾಲಿಸಿ ಬೇಕು. ಕೊನೆಯ ಬಾಗಿಲಿನ ಮುಂದೆ ಹೆಚ್ಚು ಜನರಿರಬಾರದು. ಆದರೆ 2024ರ ಸೆಪ್ಟೆಂಬರ್ ವೇಳೆಗೆ ಅಲ್ಲಿ ಸುಮಾರು 4.5 ಲಕ್ಷ ಪಾಲಿಸಿಗಳಿದ್ದವು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಡೆಯ ಪೆಸಿಫಿಕ್ ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾ ಉರಿದಾಗ ಕೂಟದ ಕೈಯಲ್ಲಿದ್ದ ಹಣ ಸಾಲದೆ ಸದಸ್ಯ ಕಂಪನಿಗಳಿಂದ 100 ಕೋಟಿ ಡಾಲರ್ ಎತ್ತಬೇಕಾಯಿತು. ಅದರಲ್ಲಿ ಅರ್ಧದಷ್ಟನ್ನು ಕಂಪನಿಗಳು ರಾಜ್ಯದ ಉಳಿದ ಪಾಲಿಸಿದಾರರ ಮೇಲೆ ಹಾಕಬಹುದು. ಬೆಂಕಿಯನ್ನೇ ಕಾಣದ ಊರಿನವರ ಬಿಲ್ಲಿಗೂ ಅದರ ಪಾಲು ಬಂದು ಸೇರುತ್ತದೆ.

ಕಂಪನಿಗಳು ಕೈಬಿಡುವುದೇಕೆ? ಇದಕ್ಕೆ ಉತ್ತರ 1988ರಲ್ಲಿದೆ. ಆ ವರ್ಷ ಮತದಾರರೇ ಮತ ಹಾಕಿ ಜಾರಿಗೆ ತಂದ ‘ಪ್ರಾಪೊಸಿಷನ್ 103’ರ ಪ್ರಕಾರ ಕಂಪನಿಗಳು ಪ್ರೀಮಿಯಂ ಏರಿಸುವ ಮುನ್ನ ಚುನಾಯಿತ ವಿಮಾ ಆಯುಕ್ತರ ಒಪ್ಪಿಗೆ ಪಡೆಯಬೇಕು. ಜನರ ಜೇಬನ್ನು ಅದು ದಶಕಗಳ ಕಾಲ ಕಾಯ್ದಿದೆ. ಆದರೆ ಕಾಡ್ಗಿಚ್ಚಿನ ದರವನ್ನು ಹಿಂದಿನ ವರ್ಷಗಳ ನಷ್ಟದ ಸರಾಸರಿಯ ಮೇಲೆ ಕಟ್ಟಬೇಕೆಂಬ ನಿಯಮ ಬೆಳೆದುಬಂತು. ಹಿಂದಿನ ಲೆಕ್ಕಕ್ಕೂ ಮುಂದಿನ ಬೆಂಕಿಗೂ ತಾಳಮೇಳವಿಲ್ಲ ಎಂಬುದನ್ನು 2018ರ ನವೆಂಬರಿನಲ್ಲಿ ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಕ್ಯಾಂಪ್ ಫೈರ್ ತೋರಿಸಿತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು, ಒಂದು ಚಿಕ್ಕ ವಿಮಾ ಕಂಪನಿಯೇ ದಿವಾಳಿಯೆದ್ದಿತು. ಬೇಕಾದಷ್ಟು ದರ ಏರಿಸಲಾಗದ ಕಂಪನಿಗಳು ಗಿರಾಕಿಗಳನ್ನು ಇಳಿಸತೊಡಗಿದವು. 2024ರ ಮಾರ್ಚಿನಲ್ಲಿ ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿ ಸುಮಾರು 72,000 ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದು ಘೋಷಿಸಿತು. ಅವುಗಳಲ್ಲಿ ಪೆಸಿಫಿಕ್ ಪ್ಯಾಲಿಸೇಡ್ಸ್‌ನ ಮನೆಗಳೂ ಇದ್ದವು. ಹತ್ತು ತಿಂಗಳೊಳಗೆ ಆ ಬಡಾವಣೆ ಹೊತ್ತಿ ಉರಿಯಿತು.

ಇಲ್ಲಿಯವರೆಗಿನ ಕಾನೂನುಗಳು ಮಾಡಿರುವುದು ಮುಖ್ಯವಾಗಿ ತಡೆ ಹಾಕುವ ಕೆಲಸ. 2018ರ ಎಸ್‌ಬಿ 824 ಎಂಬ ರಾಜ್ಯ ಕಾನೂನಿನ ಪ್ರಕಾರ, ಬೆಂಕಿಯ ಕಾರಣ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದರೆ ಸುಟ್ಟ ಪ್ರದೇಶದ ಮತ್ತು ಅದಕ್ಕೆ ತಾಗಿದ ಪಿನ್‌ಕೋಡ್‌ಗಳ ಮನೆಗಳ ವಿಮೆಯನ್ನು ಒಂದು ವರ್ಷ ಕೈಬಿಡುವಂತಿಲ್ಲ. ಈ ತಡೆಗೆ ಅಲ್ಲಿನವರು ‘ಮಾರಟೋರಿಯಂ’ ಎನ್ನುತ್ತಾರೆ. ಮನೆ ಪೂರ್ತಿ ಸುಟ್ಟಿದ್ದರೆ ಎರಡು ವರ್ಷ ನವೀಕರಣದ ಭರವಸೆಯಿದೆ. ಹಾಗಾದರೆ ಬೆಂಕಿ ಇನ್ನೂ ಬಾರದ, ಬರಬಹುದೆಂಬ ಭಯದಲ್ಲಿರುವ ಮನೆಗೆ? ಏನೂ ಇಲ್ಲ. ಅತ್ಯಂತ ಹೆಚ್ಚು ನಾನ್‌ರಿನ್ಯೂವಲ್ ಪತ್ರಗಳು ಬರುವುದು ಅಂಥ ಮನೆಗಳಿಗೇ.

ಆ ಮನೆಗಳವರು ಮಾಡಬಹುದಾದ ಕೆಲಸವೇನೋ ಬೇಕಾದಷ್ಟಿದೆ. ಕಾಡ್ಗಿಚ್ಚಿನಲ್ಲಿ ಬಹಳಷ್ಟು ಮನೆಗಳು ಹೊತ್ತಿಕೊಳ್ಳುವುದು ಜ್ವಾಲೆ ನೇರವಾಗಿ ತಾಗಿದ್ದರಿಂದಲ್ಲ, ಗಾಳಿಯಲ್ಲಿ ಮುಂದೆ ಹಾರಿ ಬರುವ ಕಿಡಿಗಳಿಂದ. ಕಿಡಿ ಅಟ್ಟದ ಗಾಳಿಕಿಂಡಿಯಲ್ಲಿ ನುಗ್ಗುತ್ತದೆ, ಸೂರಿನ ದೋಣಿಯಲ್ಲಿ ಕೂಡಿದ ಒಣ ಎಲೆಯ ಮೇಲೆ ಕೂರುತ್ತದೆ, ಗೋಡೆಗೆ ತಾಗಿಸಿ ನೆಟ್ಟ ಮರದ ಬೇಲಿಯನ್ನು ಹಿಡಿದು ಕಿಟಕಿಗೆ ಏರುತ್ತದೆ. ಆದ್ದರಿಂದ ಕಿಂಡಿಗೆ ಎಂಟನೇ ಒಂದು ಇಂಚಿಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಲರಿ, ಬೆಂಕಿ ಹಿಡಿಯದ ಚಾವಣಿ, ಗೋಡೆಯಿಂದ ಐದು ಅಡಿಯೊಳಗೆ ಗಿಡ, ಮರದ ಚಕ್ಕೆ, ಕಟ್ಟಿಗೆ ಏನೂ ಇಲ್ಲದ ಜಲ್ಲಿ ನೆಲ. ಇಷ್ಟು ಮಾಡಿದವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡಲೇಬೇಕೆಂದು 2022ರ ‘ಸೇಫರ್ ಫ್ರಮ್ ವೈಲ್ಡ್‌ಫೈರ್ಸ್’ ನಿಯಮ ಹೇಳುತ್ತದೆ. ಕಂಪನಿ ತಮ್ಮ ಮನೆಗೆ ಕೊಟ್ಟ ಅಪಾಯದ ಅಂಕವನ್ನು ಕೇಳಿ ತಿಳಿಯುವ, ಅದನ್ನು ಪ್ರಶ್ನಿಸುವ ಹಕ್ಕನ್ನೂ ಅದು ಮಾಲೀಕರಿಗೆ ಕೊಟ್ಟಿದೆ.

ಆದರೆ ರಿಯಾಯಿತಿ ಸಿಗುವುದು ಪಾಲಿಸಿ ಇದ್ದರೆ ಮಾತ್ರ. ಸಾವಿರಾರು ಡಾಲರ್ ಸುರಿದು ಚಾವಣಿ ಬದಲಿಸಿದವರಿಗೂ ನಾನ್‌ರಿನ್ಯೂವಲ್ ಪತ್ರ ಕಳುಹಿಸಲು ಕಂಪನಿಗೆ ಇಂದಿಗೂ ಸ್ವಾತಂತ್ರ್ಯವಿದೆ. ಮನೆಯನ್ನು ನಿಗದಿತ ಮಟ್ಟಕ್ಕೆ ಭದ್ರಗೊಳಿಸಿದವರಿಗೆ ವಿಮೆ ನಿರಾಕರಿಸುವಂತಿಲ್ಲ ಎನ್ನುವ ಮಸೂದೆ, ಎಬಿ 2367, 2020ರಲ್ಲಿ ಬಂದು ಶಾಸನಸಭೆಯಲ್ಲೇ ನಿಂತಿತು. ಬಳಕೆದಾರರ ಪರ ಸಂಘಟನೆಗಳು ಆ ಬೇಡಿಕೆಯನ್ನು ಕೈಬಿಟ್ಟಿಲ್ಲ. ಇದು ಅತಿಯಾದ ಬೇಡಿಕೆ ಎಂದು ನನಗೆ ಅನ್ನಿಸುವುದಿಲ್ಲ. ಹಿಂದೆ ಕ್ಲೇಮ್ ಮಾಡಿದ್ದೀರಿ ಎಂಬ ಕಾರಣಕ್ಕೆ ಆರೋಗ್ಯ ವಿಮೆಯ ನವೀಕರಣ ನಿರಾಕರಿಸುವಂತಿಲ್ಲ ಎಂದು ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮವಿದೆ. ಅದರಿಂದ ನಮ್ಮಲ್ಲಿ ಆ ವ್ಯಾಪಾರ ನಿಂತುಹೋಗಿಲ್ಲ.

ಕಂಪನಿಗಳ ವಾದದಲ್ಲೂ ತೂಕವಿದೆ. ಒಂದು ಮನೆ ಭದ್ರವಾದರೂ ಪಕ್ಕದ ಹತ್ತು ಮನೆ ಹಾಗೆಯೇ ಇದ್ದರೆ ಬೆಂಕಿ ಮನೆಯಿಂದ ಮನೆಗೆ ಹಬ್ಬುತ್ತದೆ, ಒಂದೇ ಬೀದಿಯಲ್ಲಿ ನೂರು ಪಾಲಿಸಿ ಇಟ್ಟುಕೊಂಡವರು ಒಂದೇ ರಾತ್ರಿಯಲ್ಲಿ ಮುಳುಗುತ್ತಾರೆ. ಇದನ್ನು ಮನಗಂಡೇ ರಾಜ್ಯ 2024ರ ಡಿಸೆಂಬರಿನಲ್ಲಿ ನಿಯಮ ಬದಲಿಸಿತು. ಮುಂದಿನ ಅಪಾಯವನ್ನು ಅಂದಾಜಿಸುವ ಕಂಪ್ಯೂಟರ್ ಮಾದರಿಗಳನ್ನೂ ಮರುವಿಮೆಯ (ವಿಮಾ ಕಂಪನಿಗಳು ತಮ್ಮ ನಷ್ಟಕ್ಕೆ ತಾವೇ ಮಾಡಿಸಿಕೊಳ್ಳುವ ವಿಮೆಯ) ಖರ್ಚನ್ನೂ ದರದಲ್ಲಿ ಸೇರಿಸಲು ಬಿಟ್ಟಿತು. ಪ್ರತಿಯಾಗಿ ದೊಡ್ಡ ಕಂಪನಿಗಳು ರಾಜ್ಯದ ಮಾರುಕಟ್ಟೆಯಲ್ಲಿ ತಮಗಿರುವ ಪಾಲಿನ 85 ಶೇಕಡಾದಷ್ಟಾದರೂ ವ್ಯವಹಾರವನ್ನು ಅಪಾಯದ ಪ್ರದೇಶಗಳಲ್ಲಿ ಮಾಡುವತ್ತ ಸಾಗಬೇಕು. ಕೇಳಿದ ದರ ಸಿಕ್ಕಿತು, ಸರಿ. ಆದರೆ ಈ 85 ಶೇಕಡಾ ಇಡೀ ಪ್ರದೇಶದ ಲೆಕ್ಕ. ಯಾವ ಮನೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಈಗಲೂ ಕಂಪನಿಯ ಇಚ್ಛೆ. ಏರಿದ ದರ ವಸೂಲು ಮಾಡುವ ಕಂಪನಿ, ಕೆಲಸ ಮಾಡಿ ಮುಗಿಸಿದ ಮನೆಯನ್ನಾದರೂ ಉಳಿಸಿಕೊಳ್ಳಬೇಕು.

ಕೊನೆಯ ಬಾಗಿಲಿನ ದಾರಿಯನ್ನು ಕೊಲೊರಾಡೊ ರಾಜ್ಯವೂ ಹಿಡಿದಿದೆ. 2021ರ ಡಿಸೆಂಬರ್ 30ರ ಮಾರ್ಷಲ್ ಫೈರ್ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟ ಬಳಿಕ, 2023ರಲ್ಲಿ ಅಲ್ಲಿಯೂ ಒಂದು ಫೇರ್ ಪ್ಲಾನ್‌ಗೆ ಕಾನೂನಾಯಿತು.

ಬೇ ಏರಿಯಾದ ಬೆಟ್ಟದಂಚಿನಲ್ಲೋ ಸ್ಯಾಕ್ರಮೆಂಟೊದಾಚೆಯ ಗುಡ್ಡಗಳಲ್ಲೋ ಮನೆ ಮಾಡಿರುವ ಕನ್ನಡಿಗರಿಗೆ ಇಂಥ ಪತ್ರ ಬಂದರೆ ಮೊದಲು ನೋಡಬೇಕಾದದ್ದು ತಾರೀಖು: 75 ದಿನ ಇದೆಯೇ? ಬಳಿಕ ನಿಮ್ಮ ಪಿನ್‌ಕೋಡ್ ಮಾರಟೋರಿಯಂ ಪಟ್ಟಿಯಲ್ಲಿದೆಯೇ ಎಂದು ರಾಜ್ಯದ ವಿಮಾ ಇಲಾಖೆಯ ಜಾಲತಾಣದಲ್ಲಿ ನೋಡಿ. ಇದ್ದರೆ ಆ ಪತ್ರ ಹಿಂಪಡೆಯುವಂತೆ ಕಂಪನಿಗೆ ಬರೆದು ಕೇಳಬಹುದು, ಒಪ್ಪದಿದ್ದರೆ ಇಲಾಖೆಗೆ ದೂರು ಕೊಡಬಹುದು. ಅಪಾಯದ ಅಂಕವನ್ನೂ ಬರವಣಿಗೆಯಲ್ಲೇ ಕೇಳಿ. ಹಳೆಯ ಚಾವಣಿಯ ಲೆಕ್ಕದಲ್ಲೇ ಅಂಕ ಕೊಟ್ಟಿದ್ದರೆ ಹೊಸದರ ರಸೀದಿ, ಫೋಟೊ ಸಮೇತ ತಕರಾರು ಸಲ್ಲಿಸಿ. ಫೇರ್ ಪ್ಲಾನ್‌ಗೇ ಹೋಗಬೇಕಾಗಿ ಬಂದರೆ ಕಳ್ಳತನ, ನೀರಿನ ಹಾನಿಗಳ ಪೂರಕ ಪಾಲಿಸಿಯನ್ನು ಅದೇ ದಿನದಿಂದ ಜಾರಿಗೆ ಬರುವಂತೆ ಮಾಡಿಸಿಕೊಳ್ಳಿ.